ದರಗು ಉದುರುವ ಕಾಲದ ಜ್ವರ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಅಡಿಕೆ ತೋಟ ಇಟ್ಟುಕೊಂಡವರ ವರ್ಷದ ಲೆಕ್ಕದಲ್ಲಿ ಕಾಡಿನ ಎಲೆಗೂ ಒಂದು ಪಾಲಿದೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಗು, ಅಂದರೆ ಉದುರಿದ ಒಣ ಎಲೆ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿ ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕೊಳೆತು ಕಡೆಗೆ ಅಡಿಕೆ ಮರದ ಬುಡ ಸೇರುವುದು ಇದೇ ಎಲೆ. ದರಗು ಸಿಗುವುದು ಎಲೆ ಉದುರುವಾಗ ಮಾತ್ರ, ಅಂದರೆ ಸುಮಾರಾಗಿ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಒಂದೆರಡು ಅಡ್ಡಮಳೆ ಬಿದ್ದರೆ ಅದು ನೆಲಕ್ಕೆ ಅಂಟಿ ಕೆಡುತ್ತದೆ. ಹಾಗಾಗಿ ಅಷ್ಟರೊಳಗೆ ಗುಡಿಸಿ, ಹೆಡಿಗೆ ತುಂಬಿ, ಹೊತ್ತು ತಂದು ಒಟ್ಟಿಕೊಳ್ಳಬೇಕು.

ಅದೇ ತಿಂಗಳುಗಳಲ್ಲಿ, ಅದೇ ಎಲೆಯ ಹಾಸಿನಲ್ಲಿ, ಉಣುಗು (ದನದ ಮೈಗೆ ಅಂಟುವ ಉಣ್ಣೆಯ ಜಾತಿಯ ಹುಳ) ತನ್ನ ಬದುಕಿನ ಎರಡನೆಯ ಹಂತಕ್ಕೆ ಬಂದು ರಕ್ತಕ್ಕಾಗಿ ಕಾದಿರುತ್ತದೆ. ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ, ಆಸ್ಪತ್ರೆಯ ಚೀಟಿಯಲ್ಲಿ ಕೆಎಫ್‌ಡಿ, ಮನುಷ್ಯರಿಗೆ ತಗಲುವುದು ಮುಖ್ಯವಾಗಿ ಈ ಎರಡು ಕಾಲಗಳು ಒಂದರ ಮೇಲೊಂದು ಬೀಳುವುದರಿಂದ. ಪಂಚಾಯಿತಿ ಗೋಡೆಗೆ ಅಂಟಿಸಿದ ‘ಕಾಡಿಗೆ ಹೋಗಬೇಡಿ’ ಎಂಬ ಚೀಟಿ ಪ್ರತಿ ವರ್ಷ ಸೋಲುವುದೂ ಇದೇ ಕಾರಣಕ್ಕೆ. ಕೆಲಸ ಇರುವುದೇ ಆಗ. ಆದ್ದರಿಂದ ಹೋಗಬೇಡಿ ಎನ್ನುವುದಕ್ಕಿಂತ, ಹೋಗುವವರು ಏನು ಮಾಡಿದರೆ ಅಪಾಯ ಎಷ್ಟು ತಗ್ಗುತ್ತದೆ, ಜ್ವರ ಬಂದರೆ ಯಾವ ದಿನ ಏನು ಮಾಡಬೇಕು ಎಂದು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಪಕ್ಕದ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದರು. ಮಂಗವೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ ಎಂದರೆ ಆ ಕಾಲದ ವೈರಾಣು ತಜ್ಞರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳ ಆ ಜ್ವರ ಏಷ್ಯಾಕ್ಕೆ ಕಾಲಿಟ್ಟರೆ ಗತಿಯೇನು ಎಂಬ ಭಯವೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರನ್ನು ಅಷ್ಟು ಬೇಗ ಮಲೆನಾಡಿಗೆ ಎಳೆದು ತಂದಿತು. ಆ ಕೇಂದ್ರ ಆಗ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ನಡೆಯುತ್ತಿತ್ತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮುಂತಾದವರು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ್ದಾಗಿತ್ತು. ಅಷ್ಟು ದೂರದ ನೆಂಟ ಸೊರಬಕ್ಕೆ ಬಂದದ್ದು ಹೇಗೆ ಎಂದು ವಲಸೆ ಹಕ್ಕಿಗಳ ಕಾಲಿನವರೆಗೂ ಹುಡುಕಾಟ ನಡೆಯಿತು. ಬಹಳ ಕಾಲದ ನಂತರ, 1990ರ ದಶಕದಲ್ಲಿ, ಸೌದಿ ಅರೇಬಿಯದ ಜೆಡ್ಡಾದಲ್ಲಿ ಇದರ ತೀರ ಹತ್ತಿರದ ಸಂಬಂಧಿ, ಅಲ್ಖುರ್ಮಾ ವೈರಸ್, ಸಿಕ್ಕಿತು. ಅಲ್ಲಿಗೂ ಇಲ್ಲಿಗೂ ನಡುವೆ ಏನಾಯಿತು ಎಂಬುದು ಇನ್ನೂ ಪೂರ್ತಿ ಬಿಡಿಸದ ಒಗಟು.

ಸಾಗರ, ಸೊರಬದ ಈ ಭಾಗಕ್ಕೆ ವೈದ್ಯಕೀಯ ಭೂಪಟದಲ್ಲಿ ಒಂದು ವಿಚಿತ್ರ ಸ್ಥಾನವಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ಇನ್ನೊಂದು ಅಪರೂಪದ ಕಾಯಿಲೆಯೂ ಇಲ್ಲಿಯದೇ. 1970ರ ದಶಕದಲ್ಲಿ ಗಮನಕ್ಕೆ ಬಂದ ಅದು ವೈರಸ್ಸಿನದಲ್ಲ, ವಂಶವಾಹಿಯದು. ಸೊಂಟದ ಕೀಲು, ಬೆನ್ನುಮೂಳೆ ಸವೆದು ಮನುಷ್ಯ ಬಾಗಿಹೋಗುವ ಆ ನೋವಿನ ಕತೆ ಬೇರೆಯೇ ಬರಹ ಬೇಡುತ್ತದೆ. ಇಲ್ಲಿ ಅದನ್ನು ನೆನೆದದ್ದು, ಎರಡನ್ನೂ ಒಂದೇ ಎಂದುಕೊಂಡವರು ಇರುವುದರಿಂದ.

ಇನ್ನು ಉಣುಗಿನ ವಿಚಾರ. ಇದನ್ನು ಸರಿಯಾಗಿ ತಿಳಿದರೆ ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತದೆ.

ಮಂಗನ ಕಾಯಿಲೆಯ ಮುಖ್ಯ ವಾಹಕ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ದನದ ಕಿವಿಯಲ್ಲಿ ಹುಣಸೆಬೀಜದ ಗಾತ್ರಕ್ಕೆ ಉಬ್ಬಿ ಜೋತಾಡುವ ಉಣ್ಣೆಗಳನ್ನು ನೋಡಿದವರು ಇದನ್ನೂ ಹಾಗೆಯೇ ಕಲ್ಪಿಸಿಕೊಳ್ಳುತ್ತಾರೆ, ಆ ಗಾತ್ರದ್ದು ಮೈಮೇಲೆ ಕಾಣಲಿಲ್ಲ ಎಂದು ನಿಶ್ಚಿಂತರಾಗುತ್ತಾರೆ. ಮನುಷ್ಯನಿಗೆ ವೈರಸ್ ದಾಟಿಸುವುದು ಬಹುಪಾಲು ನಿಂಫ್ ಎಂದು ಕರೆಯುವ ಎಳೆಯ ಉಣುಗು. ಒಂದೆರಡು ಮಿಲಿಮೀಟರಿನದು. ಕಂದು ಮೈಯವರ ತೋಳಿನ ಮೇಲೆ ಕೂತರೆ ಮಚ್ಚೆ ಎಂದುಕೊಳ್ಳಬೇಕು, ಅಷ್ಟೇ. ಕಚ್ಚಿದ್ದು ಸಾಮಾನ್ಯವಾಗಿ ನೋಯುವುದೂ ಇಲ್ಲ.

ಈ ಉಣುಗು ಬದುಕಿನಲ್ಲಿ ಮೂರು ಬಾರಿ ಊಟ ಮಾಡುತ್ತದೆ, ಮೂರೂ ಬೇರೆ ಬೇರೆ ಪ್ರಾಣಿಗಳ ಮೇಲೆ. ಬೆಳೆದ ಉಣುಗು ಮುಂಗಾರಿನಲ್ಲಿ ದನ, ಎಮ್ಮೆ, ಜಿಂಕೆ, ಕಡವೆಯಂಥ ದೊಡ್ಡ ಪ್ರಾಣಿಗಳ ಮೈಗೆ ಹತ್ತಿ ಹೊಟ್ಟೆ ತುಂಬ ರಕ್ತ ಕುಡಿದು ನೆಲಕ್ಕೆ ಉದುರುತ್ತದೆ. ಎಲೆಯಡಿಯ ತೇವದಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಆರು ಕಾಲಿನ ಮರಿಗಳು ಹೊರಬರುತ್ತವೆ. ಇವು ಇಲಿ, ಮೂಗಿಲಿ, ಅಳಿಲು, ನೆಲದಲ್ಲಿ ಕೆದಕಿ ತಿನ್ನುವ ಹಕ್ಕಿ, ಮಂಗ, ಹೀಗೆ ಸಿಕ್ಕಿದ್ದರ ಮೈ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗೂ ಬಂತು. ಊಟ ಮುಗಿಸಿ ಕೆಳಗಿಳಿದು ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುವಾಗಲೂ ವೈರಸ್ ಒಳಗೇ ಉಳಿದಿರುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಾಡಿನಲ್ಲಿ ಇವುಗಳ ಕಾಲ. ರೋಗಿಗಳ ಸಂಖ್ಯೆ ಏರುವುದೂ ಆಗಲೇ, ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ನಡುವೆ. ಮಳೆ ಹಿಡಿಯಿತೆಂದರೆ ಇಳಿಯುತ್ತದೆ.

ಉಣುಗು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಎಲೆ, ಹುಲ್ಲು, ಗಿಡದ ತುದಿಗೆ ಹತ್ತಿ, ಮುಂಗಾಲು ಚಾಚಿ ಕಾಯುತ್ತದೆ. ಹಾಯುವ ಪ್ರಾಣಿಯ ಬಿಸಿ, ಉಸಿರು, ಅಲುಗಾಟ ತಿಳಿದು ಅಂಟಿಕೊಳ್ಳುತ್ತದೆ. ಕಾಡಿನ ನೆಲದ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಎಣಿಸಿ, ಯಾವ ಜಾಗದಲ್ಲಿ ಎಷ್ಟಿವೆ ಎಂದು ಸಂಶೋಧಕರು ಅಂದಾಜು ಮಾಡುವುದು ಈ ಗುಣವನ್ನು ನಂಬಿಯೇ. ದರಗು ಗುಡಿಸುವವರ ಸೀರೆ ಲುಂಗಿಗಳೂ ಬೇಡದಿದ್ದರೂ ಅದೇ ಕೆಲಸ ಮಾಡುತ್ತಿರುತ್ತವೆ.

ಮಂಗನದು ಏನು ತಪ್ಪು? ಏನೂ ಇಲ್ಲ. ಕಪ್ಪು ಮುಖದ ಮುಸಿಯ, ಊರೊಳಗೂ ಬರುವ ಕೆಂಪು ಮುಖದ ಸಾಮಾನ್ಯ ಕೋತಿ, ಎರಡೂ ಮನುಷ್ಯನಂತೆಯೇ ಈ ವೈರಸ್ಸಿಗೆ ಬಲಿಯಾಗುವ ಪ್ರಾಣಿಗಳು. ಆದರೆ ಜ್ವರ ಬಂದ ಮಂಗನ ರಕ್ತದಲ್ಲಿ ಕೆಲವು ದಿನ ವೈರಸ್ ತುಂಬಿರುತ್ತದೆ. ಆಗ ಅದರ ಮೈಮೇಲಿದ್ದ ಮರಿ ಉಣುಗುಗಳೆಲ್ಲ ಸೋಂಕು ಹೊತ್ತುಕೊಳ್ಳುತ್ತವೆ. ಮಂಗ ಸತ್ತು ದೇಹ ತಣ್ಣಗಾದಾಗ ಅವು ಇಳಿದು ಸುತ್ತಲಿನ ನೆಲ ಸೇರುತ್ತವೆ. ಹಾಗಾಗಿ ಮಂಗ ಸತ್ತು ಬಿದ್ದ ಜಾಗ ಹೆಣ ತೆಗೆದ ಮೇಲೂ ವಾರಗಟ್ಟಲೆ ಅಪಾಯದ ಜಾಗವೇ. ಸತ್ತ ಮಂಗನನ್ನು ಕಂಡರೆ ಮುಟ್ಟದೆ, ಕೋಲಿನಿಂದ ಎಳೆದು ಹಳ್ಳಕ್ಕೆ ದೂಡದೆ, ಹೂಳಿ ಪುಣ್ಯ ಕಟ್ಟಿಕೊಳ್ಳಲೂ ಹೋಗದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಯವರಿಗೋ ಪಂಚಾಯಿತಿಗೋ ಹೇಳಬೇಕು. ಪಶುವೈದ್ಯರು ರಕ್ಷಣಾ ಉಡುಪಿನಲ್ಲಿ ಬಂದು ಮರಣೋತ್ತರ ಪರೀಕ್ಷೆಗೆ ಅಂಗಾಂಶ ತೆಗೆದು, ಹೆಣ ಸುಟ್ಟು, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. 2012ರ ಕೊನೆಗೆ ಬಂಡೀಪುರದಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಅದು ಸಿಕ್ಕಿದ್ದು ಸತ್ತ ಮಂಗಗಳ ವಿಲೇವಾರಿ ಮಾಡಿದ ಅರಣ್ಯದ ಕೆಲಸಗಾರರಲ್ಲಿ. ಮಂಗನ ಸಾವು ಮುನ್ಸೂಚನೆ. ಹೇಳುವವರು ತಡಮಾಡಿದರೆ ಮುಂದಿನ ಸುದ್ದಿ ಯಾರದೋ ಮನೆಯ ಜ್ವರ. ಅಂದಮಾತ್ರಕ್ಕೆ ಮಂಗ ಸಾಯದ ಊರಿನಲ್ಲಿ ಕಾಯಿಲೆಯೇ ಇಲ್ಲ ಎಂದಲ್ಲ. ದಟ್ಟ ಕಾಡಿನಲ್ಲಿ ಸತ್ತದ್ದು ಯಾರ ಕಣ್ಣಿಗೂ ಬೀಳದೆ ಕೊಳೆತು ಹೋಗುವುದೇ ಹೆಚ್ಚು.

ದನದ ಪಾತ್ರ ಸ್ವಲ್ಪ ಸೂಕ್ಷ್ಮದ್ದು. ದನದ ಮೈಯಲ್ಲಿ ವೈರಸ್ ಹೆಚ್ಚಿ ಉಣುಗಿಗೆ ದಾಟುವಷ್ಟು ಆಗುವುದಿಲ್ಲ, ದನಕ್ಕೆ ಕಾಯಿಲೆಯೂ ಬರುವುದಿಲ್ಲ. ಆದರೆ ಬೆಳೆದ ಉಣುಗಿಗೆ ಊಟ ಹಾಕಿ ಸಂತತಿ ಬೆಳೆಸುವುದು ಅದೇ. ಮಳೆಗಾಲದಲ್ಲಿ ಕಾಡಂಚಿಗೆ ಮೇಯಲು ಬಿಟ್ಟ ದನ ಎಲ್ಲೆಲ್ಲಿ ಓಡಾಡಿತೋ ಅಲ್ಲೆಲ್ಲ ರಕ್ತ ಕುಡಿದ ಹೆಣ್ಣು ಉಣುಗು ಉದುರಿರುತ್ತದೆ. ಅಡಿಕೆ ತೋಟ, ಬೇಣ ಎಂಬ ಹುಲ್ಲುಗಾವಲು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ನಡುವೆ ಒಂದಿಷ್ಟು ಕಾಡು, ಅದರಲ್ಲಿ ಮೇಯುವ ಊರದನ, ಹೀಗೆ ಎಲ್ಲ ಬೆರೆತ ಜಾಗದಲ್ಲಿ ಕಾಯಿಲೆ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಪಶುವೈದ್ಯರ ಸಲಹೆಯಂತೆ ಮಳೆಗಾಲದಲ್ಲೇ ದನಕ್ಕೆ ಉಣುಗಿನ ಔಷಧ, ಐವರ್ಮೆಕ್ಟಿನ್ ಚುಚ್ಚುಮದ್ದೋ ಬೆನ್ನಿಗೆ ಸುರಿಯುವ ಫ್ಲುಮೆಥ್ರಿನೋ, ಹಾಕಿಸುವುದರ ಫಲ ಕಾಣುವುದು ಮುಂದಿನ ಬೇಸಿಗೆಯಲ್ಲಿ. ಜನವರಿಯಲ್ಲಿ ಜ್ವರ ಶುರುವಾದ ಮೇಲೆ ದನಕ್ಕೆ ಔಷಧ ಹಾಕಿಸುವ ಗಡಿಬಿಡಿಯಿಂದ ಆ ವರ್ಷಕ್ಕೆ ಹೆಚ್ಚು ಲಾಭವಿಲ್ಲ. ಐವರ್ಮೆಕ್ಟಿನ್ ಹಾಕಿಸಿದ ಹಸುವಿನ ಹಾಲನ್ನು ಎಷ್ಟು ದಿನ ಬಳಸಬಾರದು ಎಂದು ಕೇಳಿಕೊಳ್ಳುವುದನ್ನು ಮರೆಯಬಾರದು.

ಈಗ ಕೆಲಸಕ್ಕೆ ಹೊರಟವರ ವಿಷಯ. ಉದ್ದ ತೋಳಿನ, ತಿಳಿ ಬಣ್ಣದ ಅಂಗಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ ಮೇಲೆ ಬೂಟು. ತಿಳಿ ಬಣ್ಣ ಯಾಕೆಂದರೆ ಹತ್ತುತ್ತಿರುವ ಉಣುಗು ಕಣ್ಣಿಗೆ ಬೀಳಲಿ ಎಂದು. ಸೀರೆ ಉಟ್ಟು ಕೆಲಸ ಮಾಡುವ ಹೆಂಗಸರು ಒಳಗೊಂದು ಪ್ಯಾಂಟು, ಮೇಲೊಂದು ಗಂಡಸರ ಅಂಗಿ ಹಾಕಿಕೊಳ್ಳುವುದು ಮಲೆನಾಡಿನಲ್ಲಿ ಹೊಸದೇನಲ್ಲ. ಪ್ಯಾಂಟಿನ ತುದಿ ಬಿಗಿಯುವುದೊಂದನ್ನು ಸೇರಿಸಿದರೆ ಸಾಕು. ಬಯಲಾದ ಚರ್ಮಕ್ಕೆ, ಅಂದರೆ ಕೈ, ಕಾಲು, ಕುತ್ತಿಗೆಗೆ, ಡೆಪಾ ಎಣ್ಣೆ ಹಚ್ಚಬೇಕು. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು; ಈಗ ಆರೋಗ್ಯ ಇಲಾಖೆ ಹಂಚುವುದು ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಡೆಪಾ. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು.

ಎಣ್ಣೆ ಸೋಲುವುದು ಎಲ್ಲಿ? ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದು ಹನ್ನೊಂದರ ಬಿಸಿಲಿಗೆ ಬೆವರಿನಲ್ಲಿ ಇಳಿದುಹೋಗಿರುತ್ತದೆ, ಹೊರೆ ಹೊತ್ತ ಕುತ್ತಿಗೆಯಲ್ಲಂತೂ ಉಜ್ಜಿ ಹೋಗಿರುತ್ತದೆ. ಬಾಟಲಿ ಮನೆಯ ಕಪಾಟಿನಲ್ಲಿ. ಬುತ್ತಿಯ ಜೊತೆ ಬಾಟಲಿಯನ್ನೂ ಒಯ್ದು, ಉಂಡು ಕೈತೊಳೆದ ಮೇಲೆ ಮತ್ತೊಮ್ಮೆ ಹಚ್ಚಿಕೊಳ್ಳದಿದ್ದರೆ ಅರ್ಧ ದಿನ ರಕ್ಷಣೆ ಇಲ್ಲದೆ ಕೆಲಸ ಮಾಡಿದಂತೆ. ಜಿಡ್ಡು, ವಾಸನೆ ಎಂದು ಹಲವರು ದೂರುತ್ತಾರೆ. ಆ ದೂರು ನಿಜವೇ, ಬೇಸಿಗೆಯ ಧಗೆಯಲ್ಲಿ ಎಣ್ಣೆ ಹಚ್ಚಿಕೊಂಡು ಗುಡಿಸುವುದು ಸುಖದ ಕೆಲಸವಲ್ಲ. ಆದರೆ ಬಯಲಾದ ಚರ್ಮಕ್ಕೆ ಸದ್ಯ ಇಲಾಖೆ ಕೊಡುವ ಅಸ್ತ್ರ ಅದೇ.

ಊಟಕ್ಕೆ, ಎಲೆ ಅಡಿಕೆಗೆ ಕೂರುವಾಗ ಎಲೆಯ ರಾಶಿಯ ಮೇಲೆ, ಮರದ ಬುಡದಲ್ಲಿ ಕೂರದೆ ಬಿಸಿಲು ಬೀಳುವ ಬರಿನೆಲವನ್ನೋ ಬಂಡೆಯನ್ನೋ ಹುಡುಕಬೇಕು. ಉಣುಗಿಗೆ ತೇವ, ನೆರಳು ಬೇಕು. ಕಾದ ಬಂಡೆ ಅದಕ್ಕೆ ಆಗಿಬರುವುದಿಲ್ಲ. ಹೊರೆಯನ್ನು ತಲೆಯ ಮೇಲೆ ಹೊರುವವರಿಗೆ ಕುತ್ತಿಗೆ, ಕಿವಿ, ಕೂದಲ ಬುಡವೇ ಮೊದಲ ಗುರಿ. ಸಿಂಬೆಯ ಕೆಳಗೆ ತಲೆ, ಕಿವಿ, ಕುತ್ತಿಗೆ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳುವುದು ಒಂದು ಉಪಾಯ; ಸಾಧ್ಯವಿದ್ದರೆ ಹೊರೆಯನ್ನು ಗಾಡಿಗೆ ಹಾಕುವುದು ಇನ್ನೂ ಒಳ್ಳೆಯದು. ತಂದ ದರಗನ್ನು ಮನೆಯ ಜಗಲಿಯ ಪಕ್ಕ ಒಟ್ಟದೆ, ಅಂಗಳದಾಚೆ ಬಿಸಿಲಿಗೆ ತೆಳುವಾಗಿ ಹರಡಿ ಆಮೇಲೆ ರಾಶಿ ಮಾಡಬೇಕು. ಬಿಸಿಲಿಗೆ ಎಲ್ಲ ಉಣುಗೂ ಸಾಯುತ್ತದೆಂದು ಭರವಸೆ ಕೊಡಲಾಗದು, ಆದರೂ ತೇವ ಆರಿದಷ್ಟೂ ಅವು ಬದುಕುವುದು ಕಷ್ಟ. ಮಕ್ಕಳು ದರಗಿನ ರಾಶಿಯ ಮೇಲೆ ಹಾರಿ ಕುಣಿಯುವ ಆಟವನ್ನು ಮಾತ್ರ ಮುಲಾಜಿಲ್ಲದೆ ನಿಲ್ಲಿಸಬೇಕು.

ಮನೆಗೆ ಬಂದೊಡನೆ, ಕಾಫಿಗೂ ಮುಂಚೆ, ಸ್ನಾನ. ಬಟ್ಟೆಯನ್ನು ಒಳಗೆ ತಾರದೆ ಹೊರಗೇ ಬಿಚ್ಚಿ ಕುದಿಯುವ ನೀರಿಗೆ ಹಾಕಬೇಕು. ಸೋಪು ಹಚ್ಚಿ ಉಜ್ಜುವಾಗ ಬೆರಳ ತುದಿಯಿಂದ ತಡವಿ ನೋಡಬೇಕಾದ ಜಾಗಗಳು: ಕಿವಿಯ ಹಿಂಭಾಗ, ಕೂದಲಂಚು, ಕಂಕುಳು, ಸ್ತನದ ಕೆಳಗೆ, ಹೊಕ್ಕುಳು, ಉಡಿದಾರದ ಸುತ್ತ, ತೊಡೆಸಂದು, ಮಂಡಿಯ ಹಿಂದೆ. ಬೆನ್ನನ್ನು ಮನೆಯವರೇ ನೋಡಬೇಕು.

ಅಂಟಿಕೊಂಡದ್ದು ಸಿಕ್ಕರೆ, ಮೊನಚಾದ ಚಿಮಟದಿಂದ ಚರ್ಮಕ್ಕೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ, ಅದರ ತಲೆಯ ಭಾಗವನ್ನು ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಚಿಮಟ ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಹಾಗೆಯೇ. ಸೀಮೆಎಣ್ಣೆ ಹಚ್ಚುವುದು, ಸುಣ್ಣ, ಹೊಗೆಸೊಪ್ಪಿನ ರಸ ಬಳಿಯುವುದು, ಬೀಡಿಯ ಕೆಂಡ ತಾಗಿಸುವುದು, ಇವೆಲ್ಲ ಕೇಡು. ಕೆಣಕಿದರೆ, ಹಿಸುಕಿದರೆ ಅದು ಹೊಟ್ಟೆಯೊಳಗಿನದನ್ನು, ಜೊಲ್ಲನ್ನು ಗಾಯಕ್ಕೇ ಕಾರುವ ಸಂಭವವಿದೆ. ಉಗುರಿನಲ್ಲಿ ಕುಟ್ಟಿ ಸಾಯಿಸುವ ಅಭ್ಯಾಸವೂ ಬೇಡ. ಸೆಲೋಟೇಪಿಗೆ ಅಂಟಿಸಿ ಮಡಚಿ ಸುಡುವುದು, ಇಲ್ಲವೇ ಸ್ಪಿರಿಟ್ಟಿನಲ್ಲಿ ಮುಳುಗಿಸುವುದು ಸರಿ. ಉಣುಗಿನ ಬಾಯಿಯ ಮುಳ್ಳಿನಂಥ ಚೂರೊಂದು ಚರ್ಮದಲ್ಲೇ ಉಳಿದರೆ ಸೂಜಿ ಹಾಕಿ ಕೆದಕಬೇಕಿಲ್ಲ, ಅದು ತಾನಾಗಿ ಹೊರಬರುತ್ತದೆ. ಸೋಪಿನಿಂದ ತೊಳೆದು ಆ ದಿನದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಉಣುಗು ಕಚ್ಚಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಹುಪಾಲು ಉಣುಗುಗಳಲ್ಲಿ ವೈರಸ್ ಇರುವುದೇ ಇಲ್ಲ. ಆದರೆ ಜ್ವರ ಬಂದರೆ ಆ ತಾರೀಖು ವೈದ್ಯರಿಗೆ ಬೇಕು.

ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ. ನಿಧಾನಕ್ಕೆ ಮೈ ಬೆಚ್ಚಗಾಗುವ ಜ್ವರವಲ್ಲ. ಮಧ್ಯಾಹ್ನ ಸರಿಯಿದ್ದವರು ರಾತ್ರಿಗೆ ಚಳಿ ನಡುಕದಿಂದ ಹಾಸಿಗೆ ಹಿಡಿಯುವಂಥದ್ದು. ಹಣೆಯ ಭಾಗದ ತೀವ್ರ ತಲೆನೋವು, ಕುತ್ತಿಗೆ, ಸೊಂಟ, ಮೀನಖಂಡಗಳಲ್ಲಿ ಜಜ್ಜಿದಂಥ ನೋವು, ಕೆಂಪಡರಿದ ಕಣ್ಣು. ವಾಂತಿ, ಭೇದಿ ಹಲವರಿಗೆ. ಬಾಯಿ ತೆರೆದು ನೋಡಿದರೆ ಅಂಗುಳಿನ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳು ಕಾಣುವುದುಂಟು; ನೋಡುವ ಅಭ್ಯಾಸವಿರುವ ವೈದ್ಯರಿಗೆ ಅದು ಒಳ್ಳೆಯ ಸುಳಿವು. ಮೂರು ನಾಲ್ಕನೆಯ ದಿನದಿಂದ ಕೆಲವರಲ್ಲಿ ವಸಡು, ಮೂಗಿನಿಂದ ರಕ್ತ, ಕಪ್ಪು ಮಲ. ರಕ್ತದೊತ್ತಡ ಇಳಿಯುತ್ತದೆ, ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ತಗ್ಗಿ, ಯಕೃತ್ತಿನ ಕಿಣ್ವಗಳು ಏರಿರುತ್ತವೆ.

ಇಲ್ಲಿಯವರೆಗಿನ ಚಿತ್ರ ಡೆಂಗಿಗೂ ಹೊಂದುತ್ತದೆ, ಇಲಿಜ್ವರಕ್ಕೂ ಬಹುಪಾಲು ಹೊಂದುತ್ತದೆ. ತಪ್ಪು ಆಗುವುದೂ ಇಲ್ಲಿಯೇ. ಡೆಂಗಿ, ಇಲಿಜ್ವರ ಎರಡೂ ಮಳೆ ನೀರಿನ ಹಿಂದೆ ಬರುವ ಕಾಯಿಲೆಗಳು. ಫೆಬ್ರವರಿಯ ಒಣಹವೆಯಲ್ಲಿ, ಕಾಡಂಚಿನ ಊರಿನವರಿಗೆ ಹೀಗೆ ಜ್ವರ ಬಂದರೆ ಮೊದಲು ಮನಸ್ಸಿಗೆ ಬರಬೇಕಾದ್ದು ಕೆಎಫ್‌ಡಿ. ಸಣ್ಣ ಹುಳ ಕಚ್ಚಿ ಬರುವ ಇನ್ನೊಂದು ಜ್ವರ, ಸ್ಕ್ರಬ್ ಟೈಫಸ್ಸನ್ನೂ ಮರೆಯಬಾರದು. ಮೈಮೇಲೆ ಎಲ್ಲಾದರೂ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಪ್ಪಿನ ಗಾಯ ಇದೆಯೇ ಎಂದು ಬಟ್ಟೆ ಸರಿಸಿ ಹುಡುಕಬೇಕು, ಯಾಕೆಂದರೆ ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ, ಫಲಕಾರಿ ಔಷಧವಿದೆ. ತಡವಾದರೆ ಜೀವಕ್ಕೆ ಕುತ್ತು.

ಬೆಂಗಳೂರಿನಲ್ಲಿ ಇರುವವರಿಗೂ ಇದು ಸಂಬಂಧಿಸಿದ್ದೇ. ಅಡಿಕೆ ಕೊಯ್ಲಿಗೆಂದು ಶನಿವಾರ ಊರಿಗೆ ಹೋಗಿ, ಎರಡು ದಿನ ತೋಟ ಬೆಟ್ಟ ಸುತ್ತಿ, ಸೋಮವಾರ ಕೆಲಸಕ್ಕೆ ಮರಳಿದವರಿಗೆ ಜ್ವರ ಬರುವುದು ಆ ವಾರದ ಕೊನೆಗೆ. ಮಹಾನಗರದ ಚಿಕಿತ್ಸಾಲಯದಲ್ಲಿ ಯಾರೂ ‘ಕಾಡಿಗೆ ಹೋಗಿದ್ದಿರಾ’ ಎಂದು ಕೇಳುವುದಿಲ್ಲ. ಕೇಳದಿದ್ದರೂ ಹೇಳಬೇಕು: ಎರಡು ವಾರದ ಹಿಂದಿನವರೆಗೆ ಎಲ್ಲಿಗೆ ಹೋಗಿದ್ದೆ, ಏನು ಕೆಲಸ ಮಾಡಿದೆ, ಆ ಕಡೆ ಮಂಗ ಸತ್ತ ಸುದ್ದಿ ಇತ್ತೇ. ಈಗ ಇದು ಶಿವಮೊಗ್ಗದ ಕಾಯಿಲೆಯಾಗಿ ಉಳಿದಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ದೊಡ್ಡದಾಗಿ ಎದ್ದಿತ್ತು. 2012ರ ನಂತರ ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಪಶ್ಚಿಮಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಗೋವಾದ ಕಡೆ ದರಗಿನ ಬದಲು ಗೇರು: ಗೇರುಹಣ್ಣು ಆರಿಸುವ ಕಾಲವೂ ಇದೇ ಬೇಸಿಗೆ, ಕೆಲಸವೂ ಬಗ್ಗಿ ಎಲೆ ಕೆದಕುವಂಥದ್ದೇ. ಖಾನಾಪುರದ ಕಡೆಯಿಂದ ಅಲ್ಲಿಗೆ ಗೇರು ಕೆಲಸಕ್ಕೆ ಹೋಗುವವರು ಇದನ್ನು ತಿಳಿದಿರಬೇಕು.

ಪರೀಕ್ಷೆಯ ವಿಷಯದಲ್ಲಿ ದಿನದ ಲೆಕ್ಕವೇ ಮುಖ್ಯ. ಜ್ವರದ ಮೊದಲ ವಾರ ರಕ್ತದಲ್ಲಿ ವೈರಸ್ಸೇ ಇರುವುದರಿಂದ ಆರ್‌ಟಿ-ಪಿಸಿಆರ್ ಹಿಡಿಯುತ್ತದೆ. ಐದಾರು ದಿನದ ಮೇಲೆ ದೇಹ ಮಾಡಿಕೊಂಡ ಐಜಿಎಂ ಪ್ರತಿಕಾಯವನ್ನು ಎಲೈಸಾ ಎಂಬ ಇನ್ನೊಂದು ರಕ್ತಪರೀಕ್ಷೆ ಹಿಡಿಯುತ್ತದೆ. ಎರಡನೇ ದಿನ ಎಲೈಸಾ ಮಾಡಿಸಿ ‘ಇಲ್ಲ’ ಎಂದು ಬಂದರೆ ಅದಕ್ಕೆ ಅರ್ಥವಿಲ್ಲ. ಹನ್ನೆರಡನೇ ದಿನ ಪಿಸಿಆರ್ ‘ಇಲ್ಲ’ ಎಂದರೂ ಅಷ್ಟೇ. ರಕ್ತದ ಮಾದರಿ ಐಸ್ ಪೊಟ್ಟಣದ ನಡುವೆ ತಣ್ಣಗೆ ಹೋಗಬೇಕು. ಬಿಸಿಲಲ್ಲಿ ನಿಂತ ಬಸ್ಸಿನಲ್ಲಿ ಅರ್ಧ ದಿನ ಕಳೆದರೆ ಇದ್ದ ವೈರಸ್ಸೂ ಪಿಸಿಆರ್‌ಗೆ ಸಿಗದೆ ಹೋಗಬಹುದು. ಸಾಮಾನ್ಯ ಖಾಸಗಿ ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಇರುವುದಿಲ್ಲ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಾಣು ಪತ್ತೆ ಪ್ರಯೋಗಾಲಯವಿದೆ, ಪುಣೆಯ ಸಂಸ್ಥೆಯಿದೆ. ಮಾದರಿ ಕಳಿಸುವುದು ಆರೋಗ್ಯ ಇಲಾಖೆಯ ಮೂಲಕವೇ. ಈ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೇ ಹಲವು ಬಾರಿ ತಗಲಿದ ಕುಖ್ಯಾತಿಯದ್ದು, ಹಾಗಾಗಿ ಎಲ್ಲೆಂದರಲ್ಲಿ ಮಾಡುವ ಹಾಗೂ ಇಲ್ಲ. ಅದೇ ಹೊತ್ತಿಗೆ, ರೋಗಿಯನ್ನು ಮುಟ್ಟಿ ಆರೈಕೆ ಮಾಡುವ ಮನೆಯವರಿಗೆ ಅಂಟುತ್ತದೆ ಎಂಬ ಭಯ ಬೇಡ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಒಂದೇ ಮನೆಯ ಮೂವರಿಗೆ ಬಂತೆಂದರೆ ಮೂವರೂ ಅದೇ ಎಲೆ ತುಳಿದಿದ್ದಾರೆ ಎಂದರ್ಥ.

ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ದೇಹ ಅದನ್ನು ಸೋಲಿಸುವವರೆಗೆ ನೀರು, ಲವಣ, ರಕ್ತದೊತ್ತಡಗಳನ್ನು ಹಿಡಿದು ನಿಲ್ಲಿಸುವುದೇ ಚಿಕಿತ್ಸೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ವಯಸ್ಕರಿಗೆ ಒಮ್ಮೆಗೆ 500 ಮಿಲಿಗ್ರಾಂ, ಆರು ಗಂಟೆಯ ಅಂತರದಲ್ಲಿ. ಯಕೃತ್ತು ಮೊದಲೇ ಸೊರಗಿರುವಾಗ ಜ್ವರ ಇಳಿಯಲಿಲ್ಲ ಎಂದು ಮಾತ್ರೆಯ ಮೇಲೆ ಮಾತ್ರೆ ನುಂಗಬಾರದು. ಮೈಕೈ ನೋವು ತಡೆಯಲಾಗದೆ ಔಷಧದಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ತಂದು ನುಂಗುವುದು ಈ ಕಾಯಿಲೆಯಲ್ಲಿ ದೊಡ್ಡ ಅಪಾಯ. ಪ್ಲೇಟ್‌ಲೆಟ್ ಬಿದ್ದವರಲ್ಲಿ ಅವು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸಿ ಸೊಂಟಕ್ಕೆ ಚುಚ್ಚಿಸಿಕೊಳ್ಳುವುದರಿಂದಲೂ ಸ್ನಾಯುವಿನೊಳಗೆ ರಕ್ತ ಸೋರಿ ಹೆಪ್ಪುಗಟ್ಟಬಹುದು. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕದಡಿ ಆಗಾಗ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಎಲ್ಲಿಂದಾದರೂ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮಾತು ತೊದಲಿದರೆ ಮನೆಯಲ್ಲಿ ಕಾಯುವ ಹೊತ್ತು ಮುಗಿಯಿತು.

ಇನ್ನೊಂದು ಸಂಗತಿ ಮನೆಗಳಲ್ಲಿ ಅಷ್ಟಾಗಿ ಗೊತ್ತಿರುವುದಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವಾರಕ್ಕೆ ಜ್ವರ ಬಿಟ್ಟು, ನಿಧಾನಕ್ಕೆ ಶಕ್ತಿ ಮರಳುತ್ತದೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಮಾತ್ರ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಮರುಕಳಿಸುತ್ತದೆ. ಈ ಸಲ ಅದು ನರಮಂಡಲದ ಕಡೆಗೆ: ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಗೊಂದಲ, ಕಣ್ಣು ಮಂಜು. ‘ಗುಣವಾಯಿತು’ ಎಂದು ಮರಳಿ ಕೊಯ್ಲಿಗೆ ಹೋದವರು ಎರಡನೆಯ ಜ್ವರವನ್ನು ಬಿಸಿಲಿನದು ಎಂದುಕೊಳ್ಳುತ್ತಾರೆ. ಮೊದಲ ಜ್ವರ ಬಿಟ್ಟ ಮೇಲೂ ಮೂರು ವಾರ ಕಣ್ಣಿಟ್ಟಿರಬೇಕು. ಸಾವಿನ ಪ್ರಮಾಣವನ್ನು ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ಎನ್ನುತ್ತಾರೆ. ಬದುಕಿದವರಲ್ಲೂ ಆಯಾಸ, ಸ್ನಾಯುಗಳ ಸೋಲು ತಿಂಗಳುಗಟ್ಟಲೆ ಉಳಿಯುತ್ತದೆ. ದಿನಗೂಲಿಯ ಮನೆಗೆ ಆ ತಿಂಗಳುಗಳ ಪೆಟ್ಟು ಆಸ್ಪತ್ರೆಯ ಖರ್ಚಿಗಿಂತ ಕಡಿಮೆಯೇನಲ್ಲ.

ಲಸಿಕೆಯ ಕತೆ ಬೇಸರ ತರಿಸುವಂಥದ್ದು. ಮೊದಮೊದಲು ರಷ್ಯಾದ ಆ ಮಿದುಳುಜ್ವರದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಸ್ವಂತ ಲಸಿಕೆ ಬಂತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ. 1990ರ ದಶಕದ ಆರಂಭದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ನೂರಕ್ಕೆ 93ರಷ್ಟು ಎಂದು ಕಂಡಿತ್ತು. 2005ರಿಂದ 2010ರ ಅಂಕಿಅಂಶ ನೋಡಿದಾಗ ಅದು ನೂರಕ್ಕೆ 62ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಸುಮಾರು 83. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಮರುದಿನದ ಕೂಲಿ ಹೋಗುತ್ತಿತ್ತು. ಮೊದಲ ಡೋಸ್ ತೆಗೆದುಕೊಂಡು ಎರಡನೆಯದಕ್ಕೆ ಬಾರದವರನ್ನು ಉದಾಸೀನರೆಂದು ಬಯ್ಯುವುದು ಸುಲಭ. ಇಷ್ಟು ಡೋಸು, ಇಷ್ಟು ನೋವು, ಇಷ್ಟು ಕಡಿಮೆ ರಕ್ಷಣೆಯ ಲಸಿಕೆಯನ್ನು ದಶಕಗಳ ಕಾಲ ಸುಧಾರಿಸದೆ ಬಿಟ್ಟದ್ದು ಅದಕ್ಕಿಂತ ದೊಡ್ಡ ಉದಾಸೀನ ಎಂದೇ ನಾನು ಹೇಳುವುದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾಲು ಸಾವುಗಳಾದಾಗಲೂ ಜನರ ಕೈಗೆ ಸಿಕ್ಕಿದ್ದು ಅದೇ ಹಳೆಯ ಲಸಿಕೆ. ಕಡೆಗೆ 2022ರ ಹೊತ್ತಿಗೆ ಅದರ ಬಳಕೆಯೇ ನಿಂತಿತು.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸ ಮಾಡುತ್ತಿದೆ. ಅದು ಎಷ್ಟೇ ಚೆನ್ನಾಗಿ ಬರಲಿ, ಹಂಚುವವರು ದರಗಿನ ಕಾಲ ನೋಡಿಕೊಂಡೇ ಹಂಚಬೇಕಾಗುತ್ತದೆ. ತಿಂಗಳ ಅಂತರದ ಎರಡು ಡೋಸ್ ಎಂದೇ ಇಟ್ಟುಕೊಂಡರೂ, ಎರಡನೆಯದು ಕೊಟ್ಟ ಮೇಲೆ ದೇಹ ಸಿದ್ಧವಾಗಲು ಇನ್ನೊಂದೆರಡು ವಾರ ಬೇಕು. ಉಣುಗಿನ ಕಾಲ ಡಿಸೆಂಬರಿಗೇ ಶುರು, ಅಂದರೆ ಮೊದಲ ಸೂಜಿ ಬೀಳಬೇಕಾದ್ದು ಅಕ್ಟೋಬರ್ ಮಧ್ಯಕ್ಕೂ ಮುಂಚೆ, ಹಲವು ಊರುಗಳಿಗೆ ಮಳೆಯಲ್ಲಿ ರಸ್ತೆಯೇ ಸರಿಯಿಲ್ಲದ ಹೊತ್ತಿನಲ್ಲಿ, ಕಾಯಿಲೆಯ ಹೆಸರನ್ನೇ ಯಾರೂ ನೆನೆಯದ ತಿಂಗಳಲ್ಲಿ. ಮೊದಲ ಮಂಗ ಸತ್ತ ಮೇಲೆ ಶುರುವಾಗುವ ಲಸಿಕೆ ಅಭಿಯಾನ ಆ ವರ್ಷದ ಗುಡಿಸುವವರಿಗೆ ತಲುಪುವಷ್ಟರಲ್ಲಿ ದರಗು ಕೊಟ್ಟಿಗೆ ಸೇರಿರುತ್ತದೆ.